ತೊಂಬತ್ತನೇ ದಿನದ ಆಚೆ

2024ರ ಆಗಸ್ಟ್ ಕೊನೆಯ ಹೊತ್ತಿಗೆ ಕನ್ನಡದ ಟಿ.ವಿ. ವಾಹಿನಿಗಳು ಬೆಳಗಿನಿಂದ ರಾತ್ರಿಯವರೆಗೆ ಒಂದೇ ಪ್ರಶ್ನೆಯನ್ನು ಅರೆಯುತ್ತಿದ್ದವು: ಚಾರ್ಜ್‌ಶೀಟ್ ಯಾವಾಗ? ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಬಂಧನವಾದದ್ದು ಜೂನ್ 11ರಂದು. ಪೊಲೀಸರು 3,991 ಪುಟಗಳ ದೋಷಾರೋಪ ಪಟ್ಟಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿದ್ದು ಸೆಪ್ಟೆಂಬರ್ 4ರಂದು. ಬೆರಳು ಮಡಿಸಿ ಎಣಿಸಿದರೆ 85 ದಿನ. ತೊಂಬತ್ತು ದಾಟಿದ್ದರೆ, ಆರೋಪ ಎಷ್ಟೇ ಘೋರವಾಗಿದ್ದರೂ, ಜಾಮೀನು ಕೇಳಿದವನಿಗೆ ಅದನ್ನು ಕೊಡಲೇಬೇಕಿತ್ತು. ಈ ಒಂದು ನಿಯಮ ಆ ದಿನಗಳಲ್ಲಿ ಟೀ ಅಂಗಡಿಯವರಿಗೂ ಬಾಯಿಪಾಠವಾಗಿತ್ತು. ತೊಂಬತ್ತನೇ ದಿನದ ಆಚೆಗೆ ಕಾನೂನು ಏನು ಹೇಳುತ್ತದೆ ಎಂದು ಮಾತ್ರ ಯಾವ ಚರ್ಚೆಯಲ್ಲೂ ಯಾರೂ ಕೇಳಿದ ಹಾಗೆ ಕಾಣಲಿಲ್ಲ. ನಮ್ಮ ಜೈಲುಗಳು ತುಂಬಿರುವುದಕ್ಕೆ ಕಾರಣ ಹುಡುಕುವವರು ಹೋಗಬೇಕಾದದ್ದು ಅಲ್ಲಿಗೇ.

ಮೊದಲು ಆ ನಿಯಮದ ಕಥೆ. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ತನಿಖೆಗಾಗಿ ಆರೋಪಿಯನ್ನು ಹಿಡಿದಿಡಲು ಇದ್ದದ್ದು ಹದಿನೈದು ದಿನ. ಹದಿನೈದು ದಿನದಲ್ಲಿ ತನಿಖೆ ಮುಗಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಪೊಲೀಸರು ಅರೆಬರೆ ವರದಿ ಸಲ್ಲಿಸಿ, ಇನ್ನೊಂದು ಕಲಮನ್ನು ಹಿಡಿದು ರಿಮ್ಯಾಂಡ್ ಮುಂದುವರಿಸಿಕೊಳ್ಳುತ್ತಿದ್ದರು. 1973ರ ಹೊಸ ಸಂಹಿತೆ ಈ ಆಟಕ್ಕೆ ತಡೆ ಹಾಕಿ 60 ದಿನದ ಗಡುವು ಕೊಟ್ಟಿತು. 1978ರ ತಿದ್ದುಪಡಿಯಲ್ಲಿ ಮರಣದಂಡನೆ, ಜೀವಾವಧಿ, ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧಗಳಿಗೆ ಅದು 90 ಆಯಿತು. ಹಳೆಯ 167ನೇ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 187 ಎಂಬ ಸಂಖ್ಯೆ ಹೊತ್ತು ಕೂತಿದೆ. ವಕೀಲರ ಬಾಯಲ್ಲಿ ಇದರ ಹೆಸರು ಡೀಫಾಲ್ಟ್ ಬೇಲ್.

ಈ ಗಡುವು ಕೆಲಸ ಮಾಡುತ್ತದೆ. ಏಕೆಂದರೆ ತಪ್ಪಿದರೆ ಒಬ್ಬರಿಗೆ ಬಿಸಿ ಮುಟ್ಟುತ್ತದೆ. ತನಿಖಾಧಿಕಾರಿ ಮೇಲಧಿಕಾರಿಗೆ ಉತ್ತರ ಕೊಡಬೇಕು, ಪತ್ರಿಕೆಗಳು ಬರೆಯುತ್ತವೆ, ಆರೋಪಿ ಹೊರಗೆ ನಡೆದುಬರುತ್ತಾನೆ. ಆದರೆ ಇಲ್ಲೂ ಒಂದು ಗುಂಡಿ ಇದೆ: ಕೇಳಿದವನಿಗೆ ಮಾತ್ರ ಸಿಗುತ್ತದೆ. ಗಡುವು ಮುಗಿದ ಮೇಲೂ ಸುಮ್ಮನೆ ಕೂತರೆ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ, ಹಕ್ಕು ಹೋಯಿತು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2021ರ ಡಿಸೆಂಬರ್ 1ರಂದು ಬಾಂಬೆ ಹೈಕೋರ್ಟು ವಕೀಲೆ ಸುಧಾ ಭಾರದ್ವಾಜ್ ಅವರಿಗೆ ಡೀಫಾಲ್ಟ್ ಬೇಲ್ ಕೊಟ್ಟಿತು. ಅದೇ ಪ್ರಕರಣದ ಇನ್ನೂ ಎಂಟು ಮಂದಿಗೆ ಕೊಡಲಿಲ್ಲ. ಅವರು ಸರಿಯಾದ ಸಮಯದಲ್ಲಿ ಅರ್ಜಿ ಹಾಕಿರಲಿಲ್ಲ ಎಂಬುದು ಕಾರಣ. ಕಾನೂನು ಬಲ್ಲ ಇಷ್ಟು ಜನರಲ್ಲೇ ಹೀಗಾದರೆ, ಹಗರಿಬೊಮ್ಮನಹಳ್ಳಿಯಿಂದ ಕೂಲಿಗೆ ಬಂದು ಬೆಂಗಳೂರಿನಲ್ಲಿ ಸಿಕ್ಕಿಬಿದ್ದವನಿಗೆ ಅರವತ್ತೊಂದನೇ ದಿನ ಯಾವುದೆಂದು ಎಣಿಸಿಕೊಡುವವರು ಯಾರು? ಬಾಯಿಮಾತಿನಲ್ಲಿ ಕೇಳಿದರೂ ಸಾಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಕೇಳಲು ಬಾಯಿಯಾದರೂ ಬೇಕಲ್ಲ.

ವಿಶೇಷ ಕಾಯ್ದೆಗಳಲ್ಲಿ ತೊಂಬತ್ತು ದಿನ ನೂರೆಂಬತ್ತಾಗುತ್ತದೆ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಾದ ಯುಎಪಿಎ ಹಾಗೆ, ನಮ್ಮದೇ ರಾಜ್ಯದ ಸಂಘಟಿತ ಅಪರಾಧ ತಡೆ ಕಾಯ್ದೆಯಾದ ಕೋಕಾ ಹಾಗೆ. ಮಾದಕ ವಸ್ತು ಕಾಯ್ದೆಯಲ್ಲಿ ಒಂದು ವರ್ಷದವರೆಗೂ ಎಳೆಯಬಹುದು.

ಇಷ್ಟೆಲ್ಲ ಎಣಿಕೆ ನಡೆಯುವುದು ಚಾರ್ಜ್‌ಶೀಟ್ ಬರುವವರೆಗೆ. ಅದು ಬಂದ ಕ್ಷಣ ಗಡಿಯಾರ ನಿಂತುಹೋಗುತ್ತದೆ. ಆಮೇಲೆ ಆರೋಪ ನಿಗದಿಯಾಗಬೇಕು, ಸಾಕ್ಷಿಗಳು ಬರಬೇಕು, ಎಸ್ಕಾರ್ಟ್ ಸಿಗಬೇಕು, ಸರ್ಕಾರಿ ವಕೀಲರಿರಬೇಕು, ನ್ಯಾಯಾಧೀಶರ ವರ್ಗಾವಣೆ ಆಗಿರಬಾರದು. ಹೊಸ ಸಂಹಿತೆ ಕಾಗದದ ಮೇಲೆ ಉದಾರವಾಗಿದೆ. ಸೆಷನ್ಸ್ ವಿಚಾರಣೆಯಲ್ಲಿ ಮೊದಲ ಹಿಯರಿಂಗ್‌ನಿಂದ 60 ದಿನದಲ್ಲಿ ಆರೋಪ ನಿಗದಿ, ವಾದ ಮುಗಿದು 30 ದಿನದಲ್ಲಿ, ಹೆಚ್ಚೆಂದರೆ 45ರಲ್ಲಿ ತೀರ್ಪು. ತಪ್ಪಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪೊಲೀಸರ ಗಡುವಿಗೆ ಹಲ್ಲಿದೆ, ನ್ಯಾಯಾಲಯದ ಗಡುವಿಗಿಲ್ಲ. ನನ್ನ ತಕರಾರು ಇಷ್ಟೇ.

ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರು. ಜೈಲುಗಳ ಒಟ್ಟು ಸಾಮರ್ಥ್ಯವೇ 4,36,266. ಶಿಕ್ಷೆಯಾದ ಒಬ್ಬನೂ ಒಳಗಿಲ್ಲದಿದ್ದರೂ, ತೀರ್ಪಿಗೆ ಕಾಯುತ್ತಿರುವವರಿಂದಲೇ ಜೈಲುಗಳು ಭರ್ತಿ. ಐದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕಾಯುತ್ತಿದ್ದವರು ಹನ್ನೊಂದು ಸಾವಿರಕ್ಕೂ ಮೇಲೆ.

ಇದು ಇಂದಿನ ಸುದ್ದಿಯಲ್ಲ. ಗಡಿ ಭದ್ರತಾ ಪಡೆಯನ್ನು ಕಟ್ಟಿದ ಪೊಲೀಸ್ ಅಧಿಕಾರಿ ಕೆ.ಎಫ್. ರುಸ್ತುಂಜಿ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿ ಬಿಹಾರದ ಜೈಲುಗಳನ್ನು ನೋಡಿಬಂದು, 1979ರ ಜನವರಿ 8 ಮತ್ತು 9ರ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬರೆದರು. ತಮ್ಮ ಅಪರಾಧಕ್ಕೆ ಕಾನೂನು ಕೊಡಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ, ವಿಚಾರಣೆಯೇ ಆರಂಭವಾಗದೆ ಒಳಗಿದ್ದವರು ಅಲ್ಲಿ ಇದ್ದರು. ಅಷ್ಟೇ ಅಲ್ಲ, ಯಾವ ಆರೋಪವೂ ಇಲ್ಲದ ಹೆಂಗಸರೂ ಇದ್ದರು. ಅತ್ಯಾಚಾರಕ್ಕೋ ಅಪಹರಣಕ್ಕೋ ತುತ್ತಾದವರನ್ನು ಸಾಕ್ಷಿ ಹೇಳಲು ಬೇಕಾಗುತ್ತಾರೆಂದು ಜೈಲಿನಲ್ಲಿಟ್ಟು, ಅದಕ್ಕೆ ರಕ್ಷಣಾ ವಶ ಎಂದು ಕರೆದಿದ್ದರು. ವಕೀಲೆ ಕಪಿಲಾ ಹಿಂಗೋರಾನಿ ಆ ಲೇಖನಗಳನ್ನೇ ಆಧಾರ ಮಾಡಿ ಸುಪ್ರೀಂ ಕೋರ್ಟಿಗೆ ಹೋದರು. ಕೈದಿಗಳ ಪಟ್ಟಿಯಲ್ಲಿದ್ದ ಹುಸೇನಾರಾ ಖಾತೂನ್ ಎಂಬ ಹೆಂಗಸಿನ ಹೆಸರಿನಲ್ಲಿ ಆ ಪ್ರಕರಣ ಇಂದಿಗೂ ಉಳಿದಿದೆ. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗೇ ಅಡಗಿರುವ ಹಕ್ಕು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಸುಮಾರು ನಲವತ್ತು ಸಾವಿರ ಮಂದಿ ಬಿಡುಗಡೆಯಾದರು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬುದು ಹುಟ್ಟಿದ್ದೂ ಹೆಚ್ಚುಕಡಿಮೆ ಅಲ್ಲಿಂದಲೇ. ಒಬ್ಬ ಪೊಲೀಸ್ ಅಧಿಕಾರಿ ಬರೆದ ಪತ್ರಿಕಾ ಲೇಖನದಿಂದ ಇಷ್ಟಾಯಿತು ಎಂಬುದನ್ನು, ಅಂಕಣ ಬರೆದು ಏನಾಗುತ್ತದೆ ಎಂದು ಕೇಳುವವರಿಗೆ ನಾನು ಆಗಾಗ ನೆನಪಿಸುತ್ತೇನೆ.

ಹಕ್ಕು ಎಂದಾಯಿತು, ಸರಿ. ಎಷ್ಟು ದಿನ? 1996ರಿಂದ 1999ರವರೆಗೆ ಸುಪ್ರೀಂ ಕೋರ್ಟು ಈ ಪ್ರಶ್ನೆಗೆ ಸಂಖ್ಯೆಯಲ್ಲೇ ಉತ್ತರ ಕೊಡಲು ಹೊರಟಿತ್ತು. ಇಂಥ ಅಪರಾಧಕ್ಕೆ ಇಷ್ಟು ವರ್ಷದಲ್ಲಿ ವಿಚಾರಣೆ ಶುರುವಾಗದಿದ್ದರೆ, ಇಷ್ಟು ವರ್ಷದಲ್ಲಿ ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿಯದಿದ್ದರೆ ಪ್ರಕರಣವನ್ನೇ ಮುಚ್ಚಿಬಿಡಿ ಎಂದು ಕೆಲವು ತೀರ್ಪುಗಳು ಬಂದವು. ಇದು ಕೊನೆಗೊಂಡದ್ದು ನಮ್ಮ ಮಂಗಳೂರಿನಿಂದ ಹೋದ ಪ್ರಕರಣದಲ್ಲಿ. ಅಲ್ಲಿನ ಮಹಾನಗರ ಪಾಲಿಕೆಯ ವಿದ್ಯುತ್ ವಿಭಾಗದ ಸೂಪರಿಂಟೆಂಡೆಂಟ್ ಒಬ್ಬರ ಮೇಲೆ ಆದಾಯ ಮೀರಿದ ಆಸ್ತಿಯ ಆರೋಪವಿತ್ತು. ಚಾರ್ಜ್‌ಶೀಟ್ ಬಂದದ್ದು 1994ರ ಮಾರ್ಚಿನಲ್ಲಿ, ಆರೋಪ ನಿಗದಿಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. 1999ರ ಫೆಬ್ರವರಿ ಬಂದರೂ ವಿಚಾರಣೆ ಶುರುವಾಗಿರಲಿಲ್ಲ. ವಿಶೇಷ ನ್ಯಾಯಾಧೀಶರು ಮೇಲಿನ ಕೋರ್ಟು ಹೇಳಿದಂತೆಯೇ ಎರಡು ವರ್ಷದ ಲೆಕ್ಕ ಹಾಕಿ ಆರೋಪಿಯನ್ನು ಖುಲಾಸೆ ಮಾಡಿದರು. ಹೈಕೋರ್ಟು ಅದನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2002ರ ಏಪ್ರಿಲ್‌ನಲ್ಲಿ, ವಿಚಾರಣೆ ತಡವಾಯಿತೆಂದು ಯಾಂತ್ರಿಕವಾಗಿ ಕೇಸು ಮುಚ್ಚುವ ಗಡುವುಗಳು ಸಲ್ಲವು, ಗಡುವು ಹಾಕುವುದು ಶಾಸನ ಮಾಡುವವರ ಕೆಲಸ, ನ್ಯಾಯಾಲಯದ್ದಲ್ಲ ಎಂದು ಎಲ್ಲ ಲೆಕ್ಕವನ್ನೂ ಅಳಿಸಿಹಾಕಿತು.

ತೀರ್ಪಿನ ತರ್ಕ ನನಗೆ ಒಪ್ಪಿಗೆಯಾಗುತ್ತದೆ. ಲಂಚಕೋರನೊಬ್ಬ ಕ್ಯಾಲೆಂಡರ್ ಹಿಡಿದು ವಾಯಿದೆ ಮೇಲೆ ವಾಯಿದೆ ಕೇಳುತ್ತ ಕೂತು ಖುಲಾಸೆಯಾಗಬಾರದು. ಆದರೆ ಆ ಮಂಗಳೂರಿನ ಅಧಿಕಾರಿ ಆಗಲೇ ಜಾಮೀನಿನ ಮೇಲೆ ಹೊರಗಿದ್ದರು. ಪ್ರಕರಣ ಮುಚ್ಚುವುದು ಒಂದು, ಆರೋಪಿಯನ್ನು ಜೈಲಿನಿಂದ ಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಗಡುವು ಬೇಡವೆಂದರೆ ಎರಡನೆಯದಕ್ಕೂ ಬೇಡವೆಂದಾಗುವುದಿಲ್ಲ. ಸ್ಕಾಟ್ಲೆಂಡಿನವರು ಈ ಎರಡನ್ನೂ ಬಿಡಿಸಿ ನೋಡಿದ್ದಾರೆ. ಅಲ್ಲಿ ಗಂಭೀರ ಪ್ರಕರಣದ ಆರೋಪಿ ಒಳಗಿದ್ದರೆ ವಿಚಾರಣೆ 140 ದಿನದಲ್ಲಿ ಶುರುವಾಗಬೇಕು. ಹಿಂದೆ 110 ದಿನದ ನಿಯಮವಿತ್ತು, ಮೀರಿದರೆ ಆರೋಪಿ ಆ ಪ್ರಕರಣದಿಂದಲೇ ಶಾಶ್ವತವಾಗಿ ಪಾರು. 2004ರ ಕಾನೂನು ಅದನ್ನು ತಿದ್ದಿ, ಮೀರಿದರೆ ಜಾಮೀನು ಮಾತ್ರ, ಕೇಸು ಮುಂದುವರಿಯುತ್ತದೆ ಎಂದಿತು. ಇಂಗ್ಲೆಂಡಿನ ಕ್ರೌನ್ ಕೋರ್ಟಿನಲ್ಲಿ ಸಾಮಾನ್ಯ ಮಿತಿ 182 ದಿನ. ಹೆಚ್ಚು ಬೇಕಿದ್ದರೆ ಪ್ರಾಸಿಕ್ಯೂಷನ್ನೇ ಬಂದು ತಾನು ತಡಮಾಡಿಲ್ಲ ಎಂದು ತೋರಿಸಬೇಕು. ಕೇಳುವ ಹೊರೆ ಅಲ್ಲಿ ಸರ್ಕಾರದ ಹೆಗಲ ಮೇಲಿದೆ.

ನಮ್ಮಲ್ಲಿ ಅಂಥದ್ದಕ್ಕೆ ಹತ್ತಿರ ಬರುವ ಪುಟ್ಟ ಕಲಮು ಒಂದುಂಟು. ಮ್ಯಾಜಿಸ್ಟ್ರೇಟರು ವಿಚಾರಿಸುವ ಜಾಮೀನುರಹಿತ ಪ್ರಕರಣದಲ್ಲಿ ಸಾಕ್ಷ್ಯಕ್ಕೆ ಗೊತ್ತುಮಾಡಿದ ಮೊದಲ ದಿನದಿಂದ 60 ದಿನದೊಳಗೆ ವಿಚಾರಣೆ ಮುಗಿಯದಿದ್ದರೆ, ಅಷ್ಟೂ ದಿನ ಒಳಗೇ ಇದ್ದವನಿಗೆ ಜಾಮೀನು ಕೊಡಬೇಕು. ಕಾರಣ ಬರೆದಿಟ್ಟು ನಿರಾಕರಿಸಲೂಬಹುದು. ಈ ಹಿಂಬಾಗಿಲು ಇರುವುದರಿಂದಲೋ ಏನೋ, ಕಲಮು ಯಾರ ನೆನಪಿನಲ್ಲೂ ಇಲ್ಲ.

ಬಹುತೇಕ ಎಲ್ಲ ಪ್ರಕರಣಗಳಿಗೂ ಅನ್ವಯಿಸುವಂಥ ಮಿತಿ ಬಂದದ್ದು 2005ರ ತಿದ್ದುಪಡಿಯಲ್ಲಿ. ಅದೇ ವರ್ಷ ಅಸ್ಸಾಮಿನಲ್ಲಿ 77 ವರ್ಷದ ಮುದುಕರೊಬ್ಬರು ಬಿಡುಗಡೆಯಾಗಿ ದೇಶವೇ ತಲೆ ತಗ್ಗಿಸಿತ್ತು. 1951ರಲ್ಲಿ ಹಿಡಿದು, ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿ, ಗುಣವಾದ ಮೇಲೂ ಮರೆತುಬಿಟ್ಟು, ವಿಚಾರಣೆಯೇ ಇಲ್ಲದೆ ಐವತ್ತನಾಲ್ಕು ವರ್ಷ ಇಟ್ಟುಕೊಂಡಿದ್ದ ವ್ಯಕ್ತಿ ಅವರು. ಬಿಡುವಾಗ ನ್ಯಾಯಾಲಯ ಬರೆಸಿಕೊಂಡ ಮುಚ್ಚಳಿಕೆಯ ಮೊತ್ತ ಒಂದು ರೂಪಾಯಿ. ಹೊಸ 436ಎ ಕಲಮಿನ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವನನ್ನು ಬಿಡಬೇಕು. ಪೂರ್ತಿ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಯಾವ ಕಾರಣಕ್ಕೂ ಇಡುವಂತಿಲ್ಲ. ಮರಣದಂಡನೆ ವಿಧಿಸಬಹುದಾದ ಅಪರಾಧಗಳು ಮಾತ್ರ ಹೊರಗೆ.

2024ರ ಜುಲೈ 1ರಿಂದ ಇದರ ಜಾಗದಲ್ಲಿ 479ನೇ ಕಲಮು ಬಂದಿದೆ. ಸರ್ಕಾರ ಇದನ್ನು ಉದಾರ ಸುಧಾರಣೆ ಎಂದು ಹೇಳಿಕೊಂಡಿತು. ಒಂದು ಭಾಗ ನಿಜ. ಮೊದಲ ಬಾರಿ ಸಿಕ್ಕಿಬಿದ್ದವನಿಗೆ ಅರ್ಧದ ಬದಲು ಮೂರನೇ ಒಂದು ಭಾಗ ಸಾಕು. ಅರ್ಜಿ ಹಾಕುವ ಹೊಣೆಯನ್ನು ಜೈಲು ಸೂಪರಿಂಟೆಂಡೆಂಟ್ ಮೇಲೆ ಹೊರಿಸಿರುವುದು ಇನ್ನೂ ಒಳ್ಳೆಯದು. ಈ ನಿಯಮ ಜುಲೈಗಿಂತ ಮೊದಲು ಬಂಧಿತರಾದವರಿಗೂ ಅನ್ವಯ ಎಂದು ಸುಪ್ರೀಂ ಕೋರ್ಟು ಆಗಸ್ಟ್ 23ರಂದು ಸ್ಪಷ್ಟಪಡಿಸಿತು. ಆದರೆ ಕೈ ಚಾಚಿದ ಕಾನೂನೇ ಇನ್ನೊಂದು ಕಡೆ ಮುಷ್ಟಿ ಬಿಗಿದಿದೆ. ಜೀವಾವಧಿ ಶಿಕ್ಷೆಯ ಅಪರಾಧಗಳೂ ಈಗ ಹೊರಗೆ: ಡಕಾಯಿತಿ, ಯುಎಪಿಎ ಕಾಯ್ದೆಯ ಮುಖ್ಯ ಕಲಮುಗಳು. ಜೊತೆಗೆ, ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದವನನ್ನು ಈ ಕಲಮಿನಡಿ ನ್ಯಾಯಾಲಯ ಬಿಡುವಂತಿಲ್ಲ.

ಈ ಕೊನೆಯ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ರಾತ್ರಿ ಮನೆಗೆ ಕನ್ನ ಹಾಕಿದ ಸಾಮಾನ್ಯ ಪ್ರಕರಣ ತೆಗೆದುಕೊಳ್ಳಿ. ಹಳೆಯ ಎಫ್‌ಐಆರ್‌ಗಳಲ್ಲಿ 457, 380 ಎಂಬ ಎರಡು ಸಂಖ್ಯೆಗಳು ಜೋಡೆತ್ತಿನಂತೆ ಬರುತ್ತಿದ್ದವು: ಒಂದು ಮನೆ ಹೊಕ್ಕಿದ್ದಕ್ಕೆ, ಇನ್ನೊಂದು ಕದ್ದಿದ್ದಕ್ಕೆ. ಹೊಸ ಸಂಹಿತೆಯಲ್ಲೂ ಎರಡು ಕಲಮುಗಳೇ. ಒಂದೇ ರಾತ್ರಿ, ಒಂದೇ ಮನೆ, ಒಂದೇ ಕಳವು. ಆದರೆ ಅಕ್ಷರಶಃ ಓದಿದರೆ 'ಒಂದಕ್ಕಿಂತ ಹೆಚ್ಚು ಅಪರಾಧ'. ಒಂದೇ ಕಲಮು ಇರುವ ಎಫ್‌ಐಆರ್ ನಮ್ಮ ಠಾಣೆಗಳಲ್ಲಿ ಬರೆಯುವುದೇ ಅಪರೂಪ. ಹಾಗಾದರೆ ಈ ಸೌಲಭ್ಯ ಯಾರಿಗೆ? ಇನ್ನು ಲೆಕ್ಕವನ್ನೂ ನೋಡಿ. ಕಳ್ಳತನಕ್ಕಾಗಿ ರಾತ್ರಿ ಕನ್ನ ಹಾಕಿದರೆ ಗರಿಷ್ಠ ಶಿಕ್ಷೆ 14 ವರ್ಷ. ಅರ್ಧವೆಂದರೆ ಏಳು, ಮೊದಲ ಸಲದವನಿಗೆ ನಾಲ್ಕು ವರ್ಷ ಎಂಟು ತಿಂಗಳು. ಕಾನೂನಿನಲ್ಲಿ ಬರೆದ ಗರಿಷ್ಠವನ್ನು ನ್ಯಾಯಾಧೀಶರು ವಿಧಿಸುವುದು ತೀರ ವಿರಳ. ಬರದೇ ಇರುವ ಶಿಕ್ಷೆಯ ಅರ್ಧವನ್ನು ಮುಂಗಡವಾಗಿ ಕಟ್ಟಿಸಿಕೊಂಡ ಹಾಗಾಯಿತು. ಇದಕ್ಕಿಂತ ತಪ್ಪೊಪ್ಪಿಕೊಂಡು ಬೇಗ ಹೊರಗೆ ಬರುವುದೇ ಮೇಲು ಎಂದು ಬಡ ಆರೋಪಿಗೆ ಅನ್ನಿಸಿದರೆ ಅವನನ್ನು ದೂರಲಾಗದು. ಮಾಡಿದ್ದಾನೋ ಇಲ್ಲವೋ, ಬೇರೆ ಮಾತು.

ಜಾಮೀನು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಶ್ಯೂರಿಟಿ ಎಲ್ಲಿಂದ ತರುವುದು? ಪಹಣಿ ಇರುವ ಒಬ್ಬರು ಕೋರ್ಟಿಗೆ ಬಂದು ಸಹಿ ಹಾಕಬೇಕು. ಭೂಮಿ ಇಲ್ಲದವನಿಗೆ ಭೂಮಿ ಇರುವ ಗೆಳೆಯ ಎಲ್ಲಿ? ಕೋರ್ಟಿನ ಆವರಣದಲ್ಲಿ ಬಾಡಿಗೆ ಜಾಮೀನುದಾರರು, ನಕಲಿ ಪಹಣಿಗಳು ಹುಟ್ಟಿಕೊಂಡದ್ದು ಹೀಗೆಯೇ. 1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅವನ ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಿಟ್ಟಾದರು. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತಾರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬರ್ಥದ ಪ್ರಶ್ನೆ ಆ ತೀರ್ಪಿನಲ್ಲೇ ಇದೆ. ಇಂದು ಪರಪ್ಪನ ಅಗ್ರಹಾರದಲ್ಲಿರುವ ಬಿಹಾರಿ, ಒಡಿಯಾ ಕೂಲಿಯವರ ಬಗ್ಗೆ ನಾವು ಅದೇ ಪ್ರಶ್ನೆ ಕೇಳಿಕೊಳ್ಳಬೇಕು. 2023ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ಬಡ ವಿಚಾರಣಾಧೀನ ಕೈದಿಯ ಜಾಮೀನಿಗೆ ಆಗ ನಲವತ್ತು ಸಾವಿರ ರೂಪಾಯಿಯವರೆಗೆ ನೆರವು ಗೊತ್ತುಮಾಡಿದ್ದರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು. ಕೇಳದೆ ಸಿಗುವುದಿಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಯುಎಪಿಎ ಆರೋಪಿಗಳಿಗೆ ಹಣ ಇದ್ದರೂ ಬಾಗಿಲು ತೆರೆಯುವುದಿಲ್ಲ. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಕೊಡಬೇಡಿ ಎನ್ನುತ್ತದೆ ಕಾಯ್ದೆ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿ ಅವರನ್ನು 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಿದಾಗ ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದರಿಂದ ನೀರು ಕುಡಿಯಲು ಸಿಪ್ಪರ್ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು 84ನೇ ವಯಸ್ಸಿನಲ್ಲಿ ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡಾಗಲೂ ಅವರು ವಿಚಾರಣಾಧೀನರೇ. ವಿಚಾರಣೆ ಮಾತ್ರ ಶುರುವಾಗಿರಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಕೆ.ಎ. ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿಚಾರಣೆ ಸಮೀಪದಲ್ಲಿ ಮುಗಿಯುವ ಸೂಚನೆಯಿಲ್ಲದಿದ್ದರೆ ಯುಎಪಿಎ ಅಡ್ಡಿಯನ್ನು ದಾಟಿಯೂ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ಕೊಡಬಹುದು ಎಂದಿತ್ತು. ಕೊಡಬಹುದು ಎಂದರೆ ಕೊಡಲೇಬೇಕು ಎಂದಲ್ಲ. ಯಾವ ಪೀಠದ ಮುಂದೆ ಕಡತ ಬಂತು ಎಂಬುದರ ಮೇಲೆ ಹೋಗುತ್ತದೆ. ಗಡುವು ಎಂದು ಇದನ್ನು ಕರೆಯಲಾಗದು.

ವಿಚಾರಣೆ ತಡವಾದರೆ ಜಾಮೀನು ಎಂಬ ಈ ತತ್ವ ನಮಗೆ ಇಷ್ಟವಾದವರಿಗೆ ಮಾತ್ರ ಸಲ್ಲಬೇಕೆಂದರೆ ನಡೆಯುವುದಿಲ್ಲ. ಗೌರಿ ಲಂಕೇಶ್ ಹತ್ಯೆಯ ಆರೋಪಿಯೊಬ್ಬನಿಗೆ 2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಕೊಟ್ಟಾಗ ನನಗೂ ಹೊಟ್ಟೆ ಉರಿಯಿತು. ಆದೇಶದಲ್ಲಿದ್ದ ಲೆಕ್ಕವೆಂದರೆ, ಐದು ವರ್ಷ ಮೀರಿದ ಬಂಧನ, 527 ಸಾಕ್ಷಿಗಳ ಪಟ್ಟಿ, ವಿಚಾರಣೆ ಆಗಿದ್ದು 90 ಮಂದಿಯದು. ಜಾಮೀನು ರದ್ದುಪಡಿಸಲು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಸ್ಟ್ಯಾನ್ ಸ್ವಾಮಿಯವರಿಗೆ ಸಲ್ಲಬೇಕಿದ್ದ ಅಳತೆಗೋಲು ಇವರಿಗೂ ಸಲ್ಲಬೇಕು. ಸಿಟ್ಟು ಬರಬೇಕಾದದ್ದು ಜಾಮೀನಿನ ಮೇಲಲ್ಲ, ಐದು ವರ್ಷದಲ್ಲಿ ತೊಂಬತ್ತೇ ಸಾಕ್ಷಿಗಳಾದರಲ್ಲ, ಅದರ ಮೇಲೆ. ಸಾಕ್ಷಿಗಳನ್ನು ಹೆದರಿಸುವ ಆರೋಪಿಗಳಿದ್ದಾರೆ, ತಲೆಮರೆಸಿಕೊಳ್ಳುವವರಿದ್ದಾರೆ, ಅಂಥವರನ್ನು ಒಳಗಿಡಲೇಬೇಕು. ಹಾಗಿದ್ದರೆ ಅವರ ವಿಚಾರಣೆಯೇ ಮೊದಲು ನಡೆಯಬೇಕು.

ತೀರ್ಪು ಬಂದ ಮೇಲಿನ ಲೆಕ್ಕ ಇನ್ನೂ ವಿಚಿತ್ರ. ಶಿಕ್ಷೆಯಾದರೆ ಒಳಗೆ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ವಜಾ ಮಾಡಿಕೊಡುತ್ತಾರೆ. ನಿರ್ದೋಷಿ ಎಂದಾದರೆ ಯಾವುದರಲ್ಲಿ ವಜಾ ಮಾಡುವುದು? ತಪ್ಪಿತಸ್ಥನಿಗೆ ಜಮಾ ಉಂಟು, ನಿರಪರಾಧಿಗೆ ಇಲ್ಲ. ಕೇರಳದ ರಾಜಕಾರಣಿ ಅಬ್ದುಲ್ ನಾಸರ್ ಮದನಿ ಕೊಯಮತ್ತೂರು ಸ್ಫೋಟ ಪ್ರಕರಣದಲ್ಲಿ 1998ರಿಂದ ಒಂಬತ್ತು ವರ್ಷ ಒಳಗಿದ್ದು 2007ರಲ್ಲಿ ಖುಲಾಸೆಯಾದರು. 2010ರಲ್ಲಿ ಬೆಂಗಳೂರು ಸ್ಫೋಟ ಪ್ರಕರಣದಲ್ಲಿ ಮತ್ತೆ ಬಂಧನ, 2014ರಲ್ಲಿ ಬೆಂಗಳೂರು ಬಿಡಬಾರದೆಂಬ ಷರತ್ತಿನ ಜಾಮೀನು, ಊರಿಗೆ ಹೋಗಿ ನೆಲೆಸಲು ಅನುಮತಿ 2023ರಲ್ಲಿ. ಎರಡನೆಯ ಪ್ರಕರಣದ ಫಲ ಏನೇ ಆಗಲಿ, ಮೊದಲಿನ ಒಂಬತ್ತು ವರ್ಷಕ್ಕೆ ಖಾತೆಯೇ ಇಲ್ಲ. ಜರ್ಮನಿಯಲ್ಲಿ ಹೀಗೆ ತಪ್ಪಾಗಿ ಕಳೆದ ಪ್ರತಿ ದಿನಕ್ಕೆ 75 ಯೂರೊ ಕೊಡುತ್ತಾರೆ. ನಮ್ಮ ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ತಪ್ಪು ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಶಿಫಾರಸು ಮಾಡಿತ್ತು. ಐದು ವರ್ಷ ಕಳೆದು, 2023ರಲ್ಲಿ, ಮೂರೂ ಅಪರಾಧ ಕಾಯ್ದೆಗಳನ್ನು ಸಂಸತ್ತು ಬುಡದಿಂದ ಬದಲಿಸಿತು. ಆಯೋಗ ಕೇಳಿದ ಆ ಅಧ್ಯಾಯಕ್ಕೆ ಹೊಸ ಸಂಹಿತೆಯಲ್ಲಿ ಜಾಗ ಸಿಗಲಿಲ್ಲ.